ಉಂಡವರೇ ತೊಳೆಯಬೇಕು

ನಮ್ಮ ಮನೆಯಲ್ಲಿದ್ದದ್ದು ಒಂದೂವರೆ ಕೋಣೆ. ಅದರಲ್ಲಿ ಒಂದು ಪಾತ್ರೆಗಳದು, ಅರ್ಧ ನಮ್ಮದು. ಕುರುಗೋಡಿನ ನಮ್ಮ ದಲಿತ ಕೇರಿಯಲ್ಲಿ ಮದುವೆಯಾಗಲಿ, ತೊಟ್ಟಿಲಾಗಲಿ, ಸತ್ತವರ ದಿನವಾಗಲಿ, ಅಡುಗೆಗೂ ಊಟಕ್ಕೂ ಬೇಕಾಗುವ ಪಾತ್ರೆಗಳು ಯಾರೊಬ್ಬರ ಸ್ವಂತದವಲ್ಲ, ಕೇರಿಗೆಲ್ಲ ಸೇರಿದವು. ಅವು ಇರುತ್ತಿದ್ದದ್ದು ನಮ್ಮ ಒಳಕೋಣೆಯಲ್ಲಿ. ಅವುಗಳ ಯಜಮಾನಿಕೆ ನಮ್ಮವ್ವ ಸುಂಕಮ್ಮನದು, ಅದಕ್ಕೂ ಮುಂಚೆ ಅವಳ ಅತ್ತೆಯದು. ಗೋಡೆಗೆ ಒರಗಿಸಿದ ಎರಡು ತಾಮ್ರದ ಹಂಡೆ, ನಾನು ಒಳಗೆ ಕೂತರೆ ತಲೆಯಷ್ಟೇ ಕಾಣುತ್ತಿದ್ದ ಕೊಪ್ಪರಿಗೆ, ಸಾರಿನ ಬಕೆಟ್ಟುಗಳು, ಸೌಟುಗಳು, ಲೋಟಗಳು, ಗೋಣಿಚೀಲದ ಮೇಲೆ ಎದೆಮಟ್ಟ ಪೇರಿಸಿದ ಸ್ಟೀಲಿನ ತಟ್ಟೆಗಳು. ಮಾಳಿಗೆಗೆ ಹೊಸ ಮಣ್ಣು ಹಾಕಿಸುವಾಗ ಅವ್ವ ಮೊದಲು ಆ ಕೋಣೆಯ ಮೇಲೆ ಹಾಕಿಸುತ್ತಿದ್ದಳು, ಉಳಿದರೆ ನಮ್ಮ ತಲೆಯ ಮೇಲೆ. ಮಳೆಗಾಲದಲ್ಲಿ ಪಾತ್ರೆಗಳು ಬೆಚ್ಚಗಿರುತ್ತಿದ್ದವು, ನಾವು ಮೂವರು ಮೂಲೆಯಿಂದ ಮೂಲೆಗೆ ಚಾಪೆ ಎಳೆದಾಡುತ್ತಿದ್ದೆವು. ಈಚೆಗೆ ಬಳ್ಳಾರಿಯಲ್ಲಿ ಒಂದು ಸಭೆಗೆ ನನ್ನನ್ನು ಕರೆದಿದ್ದರು. ಪ್ಲಾಸ್ಟಿಕ್ ಬಿಡಬೇಕು, ತೊಳೆದು ತೊಳೆದು ಬಳಸುವ ತಟ್ಟೆ ಲೋಟಗಳ ಬ್ಯಾಂಕ್ ತೆರೆಯಬೇಕು ಎಂದು ಒಬ್ಬರು ತಾವೇ ಕಂಡುಹಿಡಿದ ವಿದ್ಯೆಯೆಂಬಂತೆ ವಿವರಿಸಿದರು. ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದವರೆಲ್ಲರ ಮುಂದೆಯೂ ಪ್ಲಾಸ್ಟಿಕ್ ನೀರಿನ ಬಾಟಲಿ ಇತ್ತು. ನನಗೆ ಮೈಯೆಲ್ಲ ಉರಿಯಿತು. ಅಕ್ಷರ ಬರದ ನಮ್ಮವ್ವ ಐವತ್ತು ವರ್ಷದಿಂದ ಆ ಬ್ಯಾಂಕ್ ನಡೆಸಿದ್ದಾಳೆ, ಅದನ್ನು ಮುಳುಗಿಸಲು ನೋಡಿದವರು ಯಾರೆಂಬುದೂ ನನಗೆ ಗೊತ್ತು. ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿ ಹೇಳುತ್ತೇನೆ.

ಆ ಪಾತ್ರೆಗಳು ಯಾವ ದಾನಿಯೂ ಕೊಟ್ಟವಲ್ಲ. ಕೇರಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಆ ಮನೆಯವರು ಕೇರಿಗೆ ಒಂದು ಪಾತ್ರೆ ಕೊಡಬೇಕು. ತ್ರಾಣವಿದ್ದವರು ಬಕೆಟ್ಟು, ಇಲ್ಲದವರು ಒಂದು ಲೋಟ. ಕೊಟ್ಟದ್ದರ ಮೇಲೆ ಮದುಮಕ್ಕಳ ಹೆಸರು ಕೊರೆಸಬೇಕು. ಕೊರೆಸಲು ಅವ್ವ ನನ್ನನ್ನು ಕರೆದುಕೊಂಡು ಬಳ್ಳಾರಿಯ ಕೌಲ್ ಬಜಾರಿಗೆ ಹೋಗುತ್ತಿದ್ದಳು. ಅಲ್ಲಿ ಒಂದು ಸಣ್ಣ ಅಂಗಡಿಯಲ್ಲಿ ಮುದುಕ ಸಾಬರೊಬ್ಬರು ಉಳಿ ಸುತ್ತಿಗೆ ಹಿಡಿದು ಕೂತಿರುತ್ತಿದ್ದರು. ಹಂಡೆಗೆ ಕಲಾಯಿಯನ್ನೂ ಅವರೇ ಹಾಕುತ್ತಿದ್ದರು. ಅವರು ಚುಕ್ಕಿ ಚುಕ್ಕಿಯಾಗಿ ಕುಟ್ಟುತ್ತಿದ್ದರೆ ಅಕ್ಷರ ಒಂದೊಂದಾಗಿ ಎದ್ದು ಬರುತ್ತಿತ್ತು. ನಾನು ಓದಲು ಕಲಿತದ್ದು ಸ್ಲೇಟಿನ ಮೇಲಲ್ಲ, ತಟ್ಟೆಗಳ ಮೇಲೆ. ಸಾಲೆಗೆ ಸೇರುವ ಮುಂಚೆಯೇ ಕೇರಿಯ ಅಷ್ಟೂ ಗಂಡ ಹೆಂಡಿರ ಹೆಸರನ್ನು ಬೆರಳಾಡಿಸಿ ಹೇಳುತ್ತಿದ್ದೆ. ಜಗಳವಾಡಿ ತವರಿಗೆ ಹೋದವಳ ಹೆಸರು ಕೂಡ ಅಲ್ಲಿ ಗಂಡನ ಪಕ್ಕದಲ್ಲೇ ಇರುತ್ತಿತ್ತು. ಅಳಿಸುವ ಮಾತೇ ಇರಲಿಲ್ಲ. ಒಮ್ಮೆ ಕೊರೆದ ಮೇಲೆ ಆಯಿತು.

ಕೇರಿ ಪಾತ್ರೆಗೆ ಅವ್ವನ ಕಾಯಿದೆ ಎರಡು. ಕಾಯುವ ಮನೆಯವರು ಅವನ್ನು ಬಳಸಕೂಡದು, ಇದು ಮೊದಲನೆಯದು. ಇನ್ನೂರು ತಟ್ಟೆ ಪಕ್ಕದಲ್ಲಿ ಹೊಳೆಯುತ್ತಿದ್ದರೂ ನಾವು ಉಣ್ಣುತ್ತಿದ್ದದ್ದು ನೆಗ್ಗಿದ, ಜರ್ಮನ್ ಅನ್ನುವ ಅಲ್ಯೂಮಿನಿಯಂ ತಟ್ಟೆಯಲ್ಲಿ. ಒಂದು ಮಧ್ಯಾಹ್ನ ಆಸೆ ತಡೆಯದೆ ಹೊಸ ತಟ್ಟೆಯೊಂದನ್ನು ಎಳೆದುಕೊಂಡು ಮುದ್ದೆ ಇಟ್ಟುಕೊಂಡು ತಿಂದೆ. ಅವ್ವ ಹೊಲದಿಂದ ಬಂದವಳೇ ಬೆನ್ನ ಮೇಲೆ ನಾಲ್ಕು ಬಾರಿಸಿದಳು. ತಿಂದದ್ದಕ್ಕಲ್ಲ, ಕೇಳದೆ ತಿಂದದ್ದಕ್ಕೆ. ಎರಡನೆಯ ಕಾಯಿದೆ, ಉಂಡ ಮನೆಯವರೇ ತೊಳೆದು ಕೊಡಬೇಕು. ಕೂಲಿಗೆ ಇನ್ನೊಬ್ಬರ ಕೈಲಿ ತೊಳೆಸುವಂತಿಲ್ಲ. ಮದುವೆಯ ಮಾರನೆಯ ಬೆಳಿಗ್ಗೆ ಮದುಮಗ ಅರಿಶಿನದ ಮೈಯಲ್ಲೇ ಕೊಪ್ಪರಿಗೆಯೊಳಗಿಳಿದು ಬೂದಿ, ಹುಣಸೆಹುಳಿ, ತೆಂಗಿನ ನಾರು ಹಿಡಿದು ತಿಕ್ಕಬೇಕು. ಹೊಸ ಹೆಂಡತಿ ಹೊರಗೆ ನಿಂತು ನೀರು ಹನಿಸಬೇಕು. ಕೇರಿಯ ಹೆಂಗಸರೆಲ್ಲ ಸುತ್ತ ಕೂತು ಕಿಚಾಯಿಸುವರು.

"ಲೇ ಮದುಮಗ, ಮೂಲಿ ಬಿಟ್ಟಿ ನೋಡು. ನಾಳೆ ಹೆಂಡ್ತಿ ಸೀರೀನೂ ಹಿಂಗ ಅರ್ಧ ಒಗೀತಿ ಏನು?"

ಅವ್ವ ಕೊನೆಗೆ ಬಂದು ನೋಡಿ ಹ್ಞೂಂ ಎಂದರೆ ಮದುವೆ ಮುಗಿದಂತೆ. ಎಷ್ಟೋ ಸಲ ಅವಳು ಊಹ್ಞೂಂ ಎಂದದ್ದೂ ಉಂಟು. ಗಂಡಸು ಮುಸುರೆ ತಿಕ್ಕುವುದನ್ನು ನಾನು ಕಣ್ಣಾರೆ ಕಂಡು ಬೆಳೆದವಳು. ಆಮೇಲೆ ಓದಿದ ಯಾವ ಪುಸ್ತಕವೂ ಅದಕ್ಕಿಂತ ದೊಡ್ಡದೇನನ್ನೂ ನನಗೆ ಕಲಿಸಲಿಲ್ಲ.

ಅವ್ವನಿಗೆ ಒಂದೇ ಒಂದು ಕೊರಗು. ಮೇಲಿನ ಓಣಿಯವರು ಎಂದೂ ನಮ್ಮ ಪಾತ್ರೆ ಕೇಳಿಕೊಂಡು ಬರಲಿಲ್ಲ. ಅಲ್ಲಿನ ಸಾವಕಾರರ ಮನೆಯಲ್ಲಿ ಒಮ್ಮೆ ಮದುವೆಗೆ ತಟ್ಟೆ ಸಾಲದೆ ಹೋದಾಗ ಇನ್ನೂರು ಹೆಜ್ಜೆ ಇಳಿದು ನಮ್ಮಲ್ಲಿಗೆ ಬರದೆ ಬಳ್ಳಾರಿಗೆ ಲಾರಿ ಕಳಿಸಿದರು. ಅವರ ಹೊಲ ಕೊಯ್ಯಲು ನಮ್ಮ ಕೈ ಆಗಬೇಕು, ಅವರ ಭತ್ತ ಕುಟ್ಟಲು, ಅವರ ಅಂಗಳ ಗುಡಿಸಲು ನಮ್ಮ ಕೈ ಆಗಬೇಕು, ತೊಳೆದು ಒಣಗಿಸಿಟ್ಟ ತಟ್ಟೆ ಮಾತ್ರ ಆಗದು. ಅವ್ವ ಆ ದಿನ ತಟ್ಟೆಗಳನ್ನೆಲ್ಲ ಹೊರಗಿಟ್ಟು ಬಿಸಿಲಿಗೆ ಹಾಕಿದ್ದಳು, ಕೇಳಲು ಬಂದೇ ಬರುತ್ತಾರೆಂದು. ಸಂಜೆ ಎಲ್ಲ ಒಳಗಿಟ್ಟು ಅಪ್ಪನಿಗೆ ಹೇಳಿದ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ.

"ಒಂದಿನ ಬರ್ತಾರ ನೋಡು. ಕೇಳಿ ಒಯ್ತಾರ, ಉಣತಾರ, ತೊಳದು ತಂದು ಕೊಡ್ತಾರ. ಅದನ್ನ ನೋಡಿ ಸಾಯಬೇಕು ನಾ."

"ಹಂಗಾದ್ರ ನೀ ಭಾಳ ವರ್ಸ ಬದುಕ್ತಿ ಬಿಡು," ಎಂದು ಅಪ್ಪ ನಕ್ಕ.

ಅಪ್ಪ ಮಾರೆಪ್ಪ ಅದೇ ಸಾವಕಾರರ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಮಿಲ್ಲು ಸಿರುಗುಪ್ಪದ ಕಡೆ, ಕಾಲುವೆಯ ದಂಡೆಗೆ. ವಾರವಿಡೀ ಅಲ್ಲೇ ಇದ್ದು ವಾರಕ್ಕೊಮ್ಮೆ ಬಸ್ಸಿಗೆ ಬರುತ್ತಿದ್ದ. ಬಸ್ಸಿಳಿದ ಕೂಡಲೇ ನಿಲ್ದಾಣದ ಹತ್ತಿರದ ಹೋಟೆಲ್ಲಿನಲ್ಲಿ ಚಹಾ ಕುಡಿಯುವುದು ಅವನ ರೂಢಿ. ಆ ಹೋಟೆಲ್ಲಿನ ಹೊರಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ನಾಲ್ಕು ಗಾಜಿನ ಲೋಟ. ಅವು ನಮಗಾಗಿ ಇಟ್ಟವು. ನಾವೇ ತೆಗೆದುಕೊಂಡು ಹಿಡಿಯಬೇಕು, ಮೇಲಿನಿಂದ ಚಹಾ ಹೊಯ್ಯುತ್ತಾರೆ, ಕುಡಿದು ನಾವೇ ತೊಳೆದು ಗೂಡಿನಲ್ಲಿಡಬೇಕು. ಕ್ವಿಂಟಲ್ ಚೀಲ ಬೆನ್ನಿಗೇರಿಸಿ ಹಲಗೆಯ ಮೇಲೆ ಓಡುವ ನನ್ನಪ್ಪ ಆ ಲೋಟ ತೊಳೆಯುವಾಗ ಚಿಕ್ಕವನಾಗಿಬಿಡುತ್ತಿದ್ದ. ನಾನು ಜೊತೆಗಿದ್ದರೆ ಆ ಕಡೆ ನೋಡು, ಬಸ್ಸು ಬಂತು ಎನ್ನುತ್ತಿದ್ದ. ಬಸ್ಸು ಬಂದಿರುತ್ತಿರಲಿಲ್ಲ. ಅಂಥವನು ಒಂದು ವಾರ ಹೊಸ್ತಿಲು ದಾಟುವ ಮೊದಲೇ ಕೂಗಿಕೊಂಡು ಬಂದ.

"ಸುಂಕೀ, ಇವತ್ತ ನಾ ಗ್ಲಾಸು ತೊಳೀಲಿಲ್ಲ!"

"ಯಾಕ, ನೀರಿರಲಿಲ್ಲೇನು?"

"ನೀರಿಂದಲ್ಲಲೇ. ಪ್ಲಾಸ್ಟಿಕ್ ಕಪ್ಪು ಬಂದಾವ. ಕುಡದೆ, ಬಿಸಾಕಿ ಬಂದೆ. ರಾಜನಂಗ ಬಿಸಾಕಿ ಬಂದೆ."

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

"ನಿಮಗಷ್ಟ ಕೊಟ್ರೋ, ಒಳಗ ಕುಂತವ್ರಿಗೂ ಕೊಟ್ರೋ?"

"ಒಳಗಿನವ್ರದು ಗಾಜಿನ ಗ್ಲಾಸು ಐತಿ. ಇದ್ರ ಇರವಲ್ದ್ಯಾಕ? ನಾ ತೊಳಿಯೋದು ತಪ್ಪಿತಲ್ಲ."

"ಮೊದಲ ನೀ ಬಾಯಿಟ್ಟಿದ್ದನ್ನ ಗೂಡಿನ್ಯಾಗರ ಇಟ್ಕೊಂತಿದ್ರು. ಈಗ ಗೂಡಿಗೂ ಬ್ಯಾಡಾತು, ತಿಪ್ಪಿಗೆ ಹೋತು. ಇದು ಇಜ್ಜತ್ತೇನು?"

ಅಪ್ಪನ ಮುಖ ಸಣ್ಣದಾಯಿತು. ರೊಟ್ಟಿ ಮುರಿದು ತಿಂದ. ಆಗ ನನಗೆ ಅವ್ವನ ಮೇಲೆ ಸಿಟ್ಟು ಬಂದಿತ್ತು. ಪಾಪ, ಒಂದು ದಿನ ಖುಷಿಯಾಗಿ ಬಂದವನನ್ನು ಹೀಗೆ ಚುಚ್ಚಬೇಕಿತ್ತೇ ಎಂದು. ಈಗಲೂ ಅಪ್ಪನನ್ನು ತಪ್ಪೆನ್ನಲಾರೆ. ವರ್ಷಗಟ್ಟಲೆ ಬಗ್ಗಿ ತೊಳೆದವನಿಗೆ ಬಿಸಾಕುವ ಸುಖ ಎಂಥದೆಂದು ಬಗ್ಗದವರಿಗೆ ತಿಳಿಯದು. ಪ್ಲಾಸ್ಟಿಕ್ಕಿನ ವಿರುದ್ಧ ಭಾಷಣ ಮಾಡುವವರು ಈ ಮಾತನ್ನು ಎಂದೂ ಎತ್ತುವುದಿಲ್ಲ. ಅಗ್ಗ, ಹಗುರ, ಅದಕ್ಕೇ ಬಂತು ಎನ್ನುತ್ತಾರೆ. ನಮ್ಮ ಕಡೆ ಅದು ಬಂದದ್ದು ಮೈಲಿಗೆಯ ಬೆನ್ನೇರಿ. ಇನ್ನೊಬ್ಬರು ಬಾಯಿಟ್ಟದ್ದನ್ನು ತೊಳೆದು ತಾನು ಬಾಯಿಡಲು ಮನಸ್ಸಿಲ್ಲದವರಿಗೆ ಅದು ದೇವರು ಕೊಟ್ಟ ವರವಾಯಿತು. ಲೋಟವನ್ನು ಹಂಚಿಕೊಳ್ಳದೆಯೇ ಎಲ್ಲರೂ ಸಮಾನ ಎಂದು ಹೇಳಿಕೊಳ್ಳಬಹುದಲ್ಲ!

ಅದೇ ಕಾಲಕ್ಕೆ ಕಿರಾಣಿ ಅಂಗಡಿಯೂ ಬದಲಾಯಿತು. ಅಲ್ಲಿಯವರೆಗೆ ನಮ್ಮ ಮನೆಯಿಂದ ಅಂಗಡಿಗೆ ಬರಿಗೈಲಿ ಹೋದದ್ದೇ ಇಲ್ಲ. ಕುತ್ತಿಗೆಗೆ ಹುರಿ ಕಟ್ಟಿದ ಎಣ್ಣೆ ಬಾಟಲಿ, ಬೆಲ್ಲಕ್ಕೆ ಡಬ್ಬಿ, ಬೇಳೆಗೆ ಹಳೆ ಸೀರೆಯ ಚೀಲ. ಒಂದು ಬೆಳಿಗ್ಗೆ ಬಾಟಲಿ ಚಾಚಿದರೆ ಅಂಗಡಿಯವನು ಇನ್ನು ಮೇಲೆ ಬಾಟಲಿ ತರಬೇಡ, ಪ್ಯಾಕೆಟ್ ಬಂದೈತಿ ಎಂದು ಒಂದು ಪ್ಯಾಕೆಟ್ಟನ್ನು ನನ್ನ ಕಡೆ ಎಸೆದ. ಅವ್ವ ಆ ಪ್ಯಾಕೆಟ್ಟನ್ನು ಖಾಲಿ ಮಾಡಿ, ಸೀಗೆಪುಡಿ ಹಾಕಿ ತೊಳೆದು, ಹಗ್ಗದ ಮೇಲೆ ಕುಪ್ಪಸದ ಪಕ್ಕ ಒಣಹಾಕಿದಳು. ಬಂದ ಚೀಲಗಳನ್ನೆಲ್ಲ ಹಾಗೇ ತೊಳೆದಳು. ನಮ್ಮ ಅಂಗಳದ ಹಗ್ಗದ ತುಂಬ ಬಣ್ಣಬಣ್ಣದ ಚೀಲಗಳು ಪಟಪಟ ಎನ್ನುತ್ತಿದ್ದವು, ಹೋಗಿಬರುವವರು ನಗುತ್ತಿದ್ದರು. ಅವಳಿಗೆ ಗೊತ್ತಿದ್ದ ಧರ್ಮ ಅದೊಂದೇ, ಬಂದದ್ದನ್ನು ತೊಳೆದಿಡುವುದು. ಆದರೆ ಎರಡು ಸಲ ತೊಳೆದರೆ ಸೀಳುವ ವಸ್ತುವನ್ನು ಎಷ್ಟೆಂದು ಬಾಳಿಸುವುದು? ತೊಳೆದಷ್ಟೂ ಮತ್ತೆ ಬಂದವು. ಮೂಲೆ ತುಂಬಿತು, ಅಟ್ಟ ತುಂಬಿತು. ಕೊನೆಗೊಂದು ದಿನ ಅವ್ವ ಕೈಚೆಲ್ಲಿ ಕೂತಳು. ಅವಳು ಜೀವನದಲ್ಲಿ ಸೋತದ್ದನ್ನು ನಾನು ನೋಡಿದ್ದು ಆಗಲೇ. ಈಗ ಬಂದು ನಮ್ಮಂಥವರಿಗೆ ಕಸ ಎಲ್ಲೆಂದರಲ್ಲಿ ಎಸೆಯಬೇಡಿ ಎಂದು ಪಾಠ ಹೇಳುತ್ತಾರೆ! ಬಾಟಲಿ ಚಾಚಿದ ಕೈಗೆ ಪ್ಯಾಕೆಟ್ ಎಸೆದವರು ಯಾರು? ತೊಳೆಯಲಾಗದ್ದನ್ನು ಮಾಡಿ ಮಾರಿದವರು ಯಾರು? ಮಾಡಿದವರು ಯಾರೋ, ಉಣ್ಣುವವರು ಯಾರೋ.

ಕೇರಿಯ ಮದುವೆಗಳಿಗೂ ಪ್ಲಾಸ್ಟಿಕ್ ತಟ್ಟೆ ಕಾಲಿಟ್ಟಿತು. ಬಿಸಿ ಸಾರು ಬಿದ್ದರೆ ಅದು ನಡುವೆ ಮೆತ್ತಗಾಗಿ ತೊಡೆಯ ಮೇಲೆ ಸೋರುತ್ತಿತ್ತು. ಆದರೂ ಅದೇ ಶೋಕಿ. ತಿಕ್ಕುವುದು ತಪ್ಪಿತೆಂದು ಮದುಮಕ್ಕಳಿಗೆ ಹರುಷ. ನಿಜಕ್ಕೂ ತಪ್ಪಿದ್ದರೆ ನಾನೇ ಕುಣಿಯುತ್ತಿದ್ದೆ. ಅಪ್ಪನ ತಂಗಿ ತಾಯವ್ವ ಆಗಷ್ಟೇ ಊರಿನ ಬೀದಿ ಗುಡಿಸುವ ಕೆಲಸಕ್ಕೆ ಸೇರಿದ್ದಳು. ಮೇಲಿನ ಓಣಿಯ ತಟ್ಟೆ, ಕಪ್ಪು, ಚೀಲ, ಎಲ್ಲ ಅವಳ ಕೈಯಿಂದಲೇ ಟ್ರ್ಯಾಕ್ಟರ್ ಏರುತ್ತಿದ್ದವು, ಟ್ರ್ಯಾಕ್ಟರ್ ಬಂದು ಸುರಿಯುತ್ತಿದ್ದದ್ದು ನಮ್ಮ ಕೇರಿಯ ಹಿಂದಿನ ಬಯಲಿಗೆ. ಸಂಜೆ ಬಂದು ತಾಯವ್ವ ಕೈ ಮೂಸಿಕೊಂಡು ಊಟ ಬೇಡವೆನ್ನುತ್ತಿದ್ದಳು. ಬಿಸಾಕುವುದು ಅನ್ನುತ್ತಾರಲ್ಲ, ಎಲ್ಲಿಗೆ? ಬಿಸಾಕಿದ್ದು ಗಾಳಿಯಲ್ಲಿ ಕರಗಲಿಲ್ಲ, ನಮ್ಮ ಹಿತ್ತಲಿಗೆ ಬಂತು. ಮೊದಲು ಉಂಡವರು ಒಂದು ತಟ್ಟೆ ತೊಳೆದರೆ ಮುಗಿಯುತ್ತಿತ್ತು. ಈಗ ಊರು ಉಂಡದ್ದನ್ನೆಲ್ಲ ಒಬ್ಬಳು ಎತ್ತಬೇಕು. ಮುಸುರೆ ಎಲ್ಲಿಗೂ ಹೋಗಿರಲಿಲ್ಲ, ಅದನ್ನು ಮುಟ್ಟುವ ಕೈ ಮಾತ್ರ ಬೇರೆಯಾಗಿತ್ತು. ಆ ಕೈ ನಮ್ಮದೇ ಆಗಿತ್ತು.

ಎರಡು ವರ್ಷ ಯಾರೂ ಪಾತ್ರೆ ಕೇಳಲಿಲ್ಲ. ಕೇರಿಯ ಹುಡುಗರು ಸೇರಿ, ಇವನ್ನೆಲ್ಲ ಕೌಲ್ ಬಜಾರಿನ ಗುಜರಿಗೆ ಹಾಕಿ ಒಂದು ಧ್ವನಿವರ್ಧಕ ತರೋಣ ಎಂದು ತೀರ್ಮಾನ ಮಾಡಿದರು. ಅಪ್ಪನೂ ಅವರ ಕಡೆಯೇ. ಅವ್ವ ಒಳಕೋಣೆಯ ಬಾಗಿಲಿಗೆ ಅಡ್ಡ ಕೂತಳು.

"ಯಾರಿಗೆ ಬೇಕು ಇವು? ಇವುಗಳ ಸಲುವಾಗಿ ಮಗಳು ಸೋರೋ ಮಾಳಿಗಿ ಕೆಳಗ ಮಲಗ್ತಾಳ," ಎಂದ ಅಪ್ಪ.

"ಆಕಿ ಹೆಸರು ಇವುಗಳ ಮ್ಯಾಲ ಬರಬೇಕು. ಗುಜರಿಗೆ ಹಾಕಿದ್ರ ಯಾತರ ಮ್ಯಾಲ ಕೊರಿಸ್ತಿ? ಪ್ಲಾಸ್ಟಿಕ್ಕಿನ ಮ್ಯಾಲೇನು?"

ನನ್ನ ಹೆಸರು ಹುಲಿಗೆಮ್ಮ. ಆ ಹೆಸರು ಕೊರೆಸುವ ಆಸೆಗೆ ಅವಳು ಎರಡು ದಿನ ಒಲೆ ಹೊತ್ತಿಸಲಿಲ್ಲ, ಮೂರನೆಯ ದಿನ ಅಪ್ಪನೇ ಅಂಬಲಿ ಕಾಸಿದ. ಕೊನೆಗೆ ಒಂದು ಮಾತಿಗೆ ಬಂದರು. ಸಾವಕಾರರು ಮಿಲ್ಲಿಗೆ ಹೊಸ ಯಂತ್ರ ತಂದಿದ್ದರು, ಅದರ ಪೂಜೆಗೆ ಹಮಾಲರ ಮನೆಯವರಿಗೆಲ್ಲ ಊಟಕ್ಕೆ ಹೇಳಿದ್ದರು. ಈ ಸಲ ಭೇದ ಇಲ್ಲ, ಎಲ್ಲರೂ ಒಂದೇ ಚಪ್ಪರದ ಕೆಳಗೆ ಎಂದು ಸಾರಿದ್ದರು. ಅದು ಮುಗಿದ ಮೇಲೆ ಪಾತ್ರೆಗಳ ವಿಚಾರ ಮಾಡೋಣ ಎಂದಾಯಿತು. ಅವ್ವ ಮೂವತ್ತು ತಟ್ಟೆಗಳನ್ನು ಗೋಣಿಚೀಲಕ್ಕೆ ತುಂಬಿ ತಲೆಯ ಮೇಲಿಟ್ಟುಕೊಂಡು ಸಿರುಗುಪ್ಪದ ಬಸ್ಸು ಹತ್ತಿದಳು. ಹೊಸ ಲಂಗ ಹಾಕಿಕೊಂಡಿದ್ದ ನನಗೆ ಆ ಚೀಲದ ಪಕ್ಕ ಕೂರಲು ನಾಚಿಕೆಯಾಗಿ ನಾಲ್ಕು ಸಾಲು ಹಿಂದೆ ಹೋಗಿ ಕೂತೆ.

ಚಪ್ಪರ ಒಂದೇ ಇತ್ತು, ಸುಳ್ಳಲ್ಲ. ಆ ಕಡೆಯ ಸಾಲಿಗೆ ಸ್ಟೀಲಿನ ತಟ್ಟೆ, ಈ ಕಡೆ ನಮ್ಮ ಸಾಲಿಗೆ ಪ್ಲಾಸ್ಟಿಕ್ ತಟ್ಟೆ. ಅವ್ವ ಚೀಲ ಬಿಚ್ಚಿ ನಮ್ಮ ಸಾಲಿಗೆ ಒಂದೊಂದೇ ತಟ್ಟೆ ಹಾಕುತ್ತ ಬಂದಳು. ತೆಗೆದುಕೊಂಡವರು ಏಳೋ ಎಂಟೋ ಮಂದಿ. ಉಳಿದವರು ತಲೆ ತಗ್ಗಿಸಿ ಪ್ಲಾಸ್ಟಿಕ್ಕನ್ನೇ ಹಿಡಿದುಕೊಂಡರು. ಅಪ್ಪನೂ ಬೇಡವೆಂದು ಕಣ್ಣಲ್ಲೇ ಹೇಳಿದ. ಅನ್ನ ಕೊಡುವ ಧಣಿಯ ಮುಂದೆ ಅವನಾದರೂ ಏನು ಮಾಡಿಯಾನು. ಸಾವಕಾರರು ನಗುನಗುತ್ತಲೇ ಬಂದರು.

"ಏನಿದು ಸುಂಕಮ್ಮ? ತೊಳಿಯೋ ಕಷ್ಟ ಯಾಕ? ಉಂಡು ಬಿಸಾಕ್ರಿ."

"ಆ ಕಡಿ ಸಾಲಿನವ್ರಿಗೆ ತೊಳಿಯೋ ಕಷ್ಟ ಇಲ್ಲೇನ್ರಿ ಧಣಿ?"

"ಅವರ ತಟ್ಟಿ ತೊಳಿಯಾಕ ಮಂದಿ ಅದಾರ."

"ಯಾರ್ರಿ ಆ ಮಂದಿ?"

ಸಾವಕಾರರು ನಗುವುದನ್ನು ನಿಲ್ಲಿಸಿದರು. ಉತ್ತರ ಎಲ್ಲರಿಗೂ ಕಾಣುತ್ತಿತ್ತು. ನಲ್ಲಿಯ ಹತ್ತಿರ ಬೂದಿಯ ಬುಟ್ಟಿ ಇಟ್ಟುಕೊಂಡು, ಸಾವಕಾರರು ಕೂಲಿಗೆ ಕರೆಸಿದ್ದ ನಮ್ಮ ತಾಯವ್ವ ಮತ್ತು ಕೇರಿಯ ಇನ್ನಿಬ್ಬರು ಕಾಯುತ್ತಿದ್ದರು. ಅವರು ತೊಳೆದ ತಟ್ಟೆಯಲ್ಲಿ ಆ ಸಾಲು ಉಣ್ಣಬಹುದು, ಅವರು ಉಂಡ ತಟ್ಟೆ ಮಾತ್ರ ಆ ಸಾಲಿಗೆ ಆಗದು, ಅದಕ್ಕೇ ಪ್ಲಾಸ್ಟಿಕ್ಕು. ಬಡಿಸುವವನು ಅವ್ವನ ತಟ್ಟೆಗೆ ಮೊಳ ಎತ್ತರದಿಂದ ಅನ್ನ ಬಿಟ್ಟ. ಅವ್ವ ನಿಧಾನವಾಗಿ, ಪೂರ್ತಿ ಉಂಡಳು. ಉಂಡಾದ ಮೇಲೆ ಮಿಲ್ಲಿನ ಮೇಸ್ತ್ರಿ ಚಪ್ಪಾಳೆ ಹೊಡೆದು, ತಾಯವ್ವಾ, ಈ ಕಡಿ ಪ್ಲಾಸ್ಟಿಕ್ಕೆಲ್ಲ ಎತ್ತಿ ಕಾಲುವಿಗೆ ಹಾಕು ಎಂದು ಕೂಗಿದ. ತಾಯವ್ವ ಬಗ್ಗಿ ಬಗ್ಗಿ ತಟ್ಟೆ ಎತ್ತಿ ಕಾಲುವೆಗೆ ಎಸೆಯುತ್ತ ಸಾಲಿನಲ್ಲಿ ಬಂದಳು. ಅಪ್ಪನ ಎದುರು ಬಂದಾಗ ಅಪ್ಪ ಇನ್ನೂ ಉಂಡಿರಲಿಲ್ಲ. ಅನ್ನ ಹಾಗೇ ಇತ್ತು. ಅಣ್ಣನ ತಟ್ಟೆಗೆ ಕೈಚಾಚಿದ ತಂಗಿಯನ್ನು ಅವನು ನೋಡಿದ, ಕಾಲುವೆಯಲ್ಲಿ ಬೆಳ್ಳಗೆ ತೇಲಿಹೋಗುತ್ತಿದ್ದ ತಟ್ಟೆಗಳನ್ನು ನೋಡಿದ. ಎದ್ದು ಅವ್ವನ ಮುಂದಿದ್ದ ಸ್ಟೀಲಿನ ತಟ್ಟೆ ಎತ್ತಿಕೊಂಡು ನಲ್ಲಿಗೆ ಹೋಗಿ ತಾನೇ ತೊಳೆದ. ಪ್ಲಾಸ್ಟಿಕ್ಕಿನಲ್ಲಿದ್ದ ಅನ್ನವನ್ನು ಅದಕ್ಕೆ ಸುರಿದುಕೊಂಡು, ಅವ್ವನ ಪಕ್ಕ ಕೂತು, ಬಡಿಸುವವನಿಗೆ ಗಟ್ಟಿಯಾಗಿ ಸಾರು ತಾ ಎಂದ. ಬಡಿಸುವವನು ಸಾವಕಾರರ ಮುಖ ನೋಡಿದ. ಅವರು ಬೇರೆ ಕಡೆ ನೋಡಿದರು. ಸಾರು ಬಂತು. ಆ ತಿಂಗಳು ಪೂರ್ತಿ ಅಪ್ಪನಿಗೆ ಮಿಲ್ಲಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವನ್ನೇ ಕೊಟ್ಟರು. ಅವನು ಮಾಡಿದ. ಗುಜರಿಯ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ನನ್ನ ಮದುವೆಯಲ್ಲಿ ನನ್ನ ಗಂಡ ಕೊಪ್ಪರಿಗೆ ತಿಕ್ಕಿದ, ಅವ್ವ ಎರಡು ಸಲ ಊಹ್ಞೂಂ ಎಂದಳು. ನಾನು ಬಳ್ಳಾರಿಯಲ್ಲಿ ಟೀಚರಾದೆ, ಅಪ್ಪ ತೀರಿಕೊಂಡ. ಕೇರಿಯ ಅರ್ಧ ಮನೆಯವರು ಪಾತ್ರೆಗೆ ಮರಳಿದರು, ಅರ್ಧ ಮನೆಯವರು ಮರಳಲಿಲ್ಲ. ಹೋದ ವರ್ಷ ನನಗೊಂದು ಫೋನ್ ಬಂತು. ಸಾವಕಾರರ ಮೊಮ್ಮಗ, ನನ್ನ ಕೈಲೇ ಓದಿದವನು. ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇಟ್ಟುಕೊಂಡಿದ್ದ.

"ಟೀಚರ್, ಪ್ಲಾಸ್ಟಿಕ್ ತಟ್ಟಿ ಇಟ್ರ ಈಗ ದಂಡ ಹಾಕ್ತಾರ. ಶಾಮಿಯಾನದವ್ರ ಪಾತ್ರಿ ಎಲ್ಲಾ ಬುಕ್ ಆಗ್ಯಾವ. ನಿಮ್ಮ ಕೇರಿಯಾಗ ಅದಾವಂತಲ್ರಿ, ಕೊಡಸ್ತೀರೇನು?"

ನಾನು ಅವತ್ತೇ ಬಸ್ಸು ಹಿಡಿದು ಹೋಗಿ ಅವ್ವನಿಗೆ ಹೇಳಿದೆ. ಅವಳು ಒಗೆದಿಟ್ಟ ಸೀರೆ ಉಟ್ಟುಕೊಂಡು ಬಂದು, ತೊಳೆದೇ ಇದ್ದ ತಟ್ಟೆಗಳನ್ನೆಲ್ಲ ಇನ್ನೊಮ್ಮೆ ತೊಳೆಯಲು ಕೂತಳು. ಪಾತ್ರೆ ಒಯ್ಯಲು ಬಂದ ಮೊಮ್ಮಗನಿಗೆ ಒಂದೇ ಮಾತು ಹೇಳಿದಳು, ಉಂಡವರೇ ತೊಳೆದು ಕೊಡಬೇಕು ಎಂದು. ಅವನು ಆಯ್ತಮ್ಮ ಆಯ್ತಮ್ಮ ಎನ್ನುತ್ತ ಹೋದ. ಎರಡು ದಿನಕ್ಕೆ ಆಟೋ ಮರಳಿತು. ತಟ್ಟೆಗಳು ಫಳಫಳ ಹೊಳೆಯುತ್ತಿದ್ದವು. ಅವ್ವ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು.

"ಯಾರಪ್ಪ ತೊಳದ್ರು?"

"ನಿಮ್ಮ ತಾಯವ್ವನ್ನ ಕರಸಿದ್ವಿ. ಕೂಲಿ ಕೊಟ್ಟೀವಿ ಮತ್ತ."

"ಹಂಗಾದ್ರ ಒಯ್ಯಿ. ನೀವು ತೊಳದು ತರ್ರಿ."

"ತೊಳದಾವಲ್ಲಮ್ಮ! ನೋಡ್ರಿ, ಮುಖ ಕಾಣತೈತಿ."

"ಆಕಿ ಉಂಡಿದ್ಲೇನು ಇದರಾಗ? ನೀವು ಉಂಡೀರಿ."

ನನಗೆ ಮುಜುಗರವಾಯಿತು. ನನ್ನ ಶಿಷ್ಯ, ಒಳ್ಳೆಯ ಹುಡುಗ, ಕೇರಿಯ ಜನರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ಹೋಗಲಿ ಬಿಡವ್ವ ಎಂದೆ.

"ನೀ ಸುಮ್ನಿರು. ನಿನ್ನ ಓದ್ಸಿದ್ದು ಇದಕ್ಕೇನು?"

ಹುಡುಗನ ಮುಖ ಕೆಂಪಾಗಿತ್ತು. ತಟ್ಟೆಗಳನ್ನು ಮತ್ತೆ ಆಟೋಕ್ಕೆ ಏರಿಸುತ್ತ ಗೊಣಗಿದ.

"ಪ್ಲಾಸ್ಟಿಕ್ಕ ಚಲೋ ಇತ್ತು ಬಿಡ್ರಿ. ಯಾರ್ನೂ ಯಾರೂ ಏನೂ ಕೇಳ್ತಿರಲಿಲ್ಲ."

"ಅದಕ್ಕ ಅದು ನಿಮಗ ಅಷ್ಟು ಹಿಡಿಸಿದ್ದು," ಎಂದಳು ಅವ್ವ.

ಇನ್ನು ಅವು ಬಂದಂತೆಯೇ ಎಂದು ಕೇರಿಯೆಲ್ಲ ಅಂದಿತು. ನಾನೂ ಹಾಗೇ ಅಂದುಕೊಂಡು ಅವ್ವನ ಮೇಲೆ ಮುನಿಸಿಕೊಂಡೆ. ಮೂರನೆಯ ದಿನ, ಭಾನುವಾರ, ಆಟೋ ಬಂತು. ಹುಡುಗ ತಟ್ಟೆಗಳನ್ನು ಇಳಿಸಿ, ಅವ್ವನ ಮುಖ ನೋಡದೆ, ನಿಂತ ಕಾಲಲ್ಲೇ ತಿರುಗಿ ಹೋದ. ಅವನ ಪ್ಯಾಂಟು ಮೊಳಕಾಲಿನವರೆಗೆ ತೊಯ್ದಿತ್ತು. ನಾನು ಮೇಲಿನ ತಟ್ಟೆ ಎತ್ತಿ ನೋಡಿದೆ. ಅಂಚಿಗೆ ಜಿಡ್ಡು. ಇನ್ನೊಂದಕ್ಕೆ ಅನ್ನದ ಅಗುಳು ಒಣಗಿ ಅಂಟಿತ್ತು, ಒಯ್ದ ಮೇಲೆ ಮತ್ತೊಮ್ಮೆ ಅದರಲ್ಲೇ ಉಂಡಿರಬೇಕು. ಕೊರೆದ ಹೆಸರುಗಳ ಸಂದಿಯಲ್ಲಿ ಸೋಪಿನ ಪುಡಿ ಬೆಳ್ಳಗೆ ಕೂತಿತ್ತು. ಇಂಥ ತಟ್ಟೆ ತಂದ ಎಷ್ಟು ಮದುಮಕ್ಕಳನ್ನು ಅವ್ವ ಉಗಿದು ಕಳಿಸಿದ್ದಳೋ. ಬೈಗುಳಕ್ಕೆ ಕಾಯುತ್ತ ಅವಳ ಕಡೆ ನೋಡಿದೆ. ಅವಳು ಒಂದೊಂದೇ ತಟ್ಟೆ ತಿರುಗಿಸಿ, ಕಲೆಯ ಮೇಲೆ ಬೆರಳು ಸವರಿ, ಪಕ್ಕಕ್ಕಿಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು.

"ತಾಯವ್ವ ತೊಳದ್ರ ಹಿಂಗ ಇರಂಗಿಲ್ಲ, ಹುಲಿಗಿ. ಇವನ್ನ ಅವ್ರೇ ತೊಳದಾರ."

ನಾನು ಬೂದಿ ತೆಗೆದುಕೊಂಡು ಇನ್ನೊಮ್ಮೆ ತಿಕ್ಕಿಡಲು ಒಂದು ತಟ್ಟೆಯನ್ನು ಎಳೆದುಕೊಂಡೆ. ಅವ್ವ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ಎದೆಗೆ ಹಿಡಿದುಕೊಂಡಳು.

"ಮುಟ್ಟಬ್ಯಾಡ," ಎಂದಳು. "ಹಿಂಗ ಇರ್ಲಿ."